ಎರಡೂವರೆ ಲಕ್ಷ ರಹಸ್ಯ ಸಂದೇಶಗಳು ಹೊರಬಿದ್ದವು, ಆಮೇಲೆ ಏನಾಯಿತು?

ಪ್ರಶ್ನೆ: ಉಪನ್ಯಾಸಕಿ, ಧಾರವಾಡ

ಪದವಿ ತರಗತಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮೊನ್ನೆ, ರಹಸ್ಯ ದಾಖಲೆಗಳನ್ನು ಪ್ರಕಟಿಸುವ ವಿಕಿಲೀಕ್ಸ್ ಜಾಲತಾಣದ ಪಾಠದ ನಡುವೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಅಮೆರಿಕದ ಅಷ್ಟೊಂದು ರಾಜತಾಂತ್ರಿಕ ಸಂದೇಶಗಳು ಹೊರಬಂದವಲ್ಲ ಮೇಡಂ, ಅದರಿಂದ ಯಾವ ಸರ್ಕಾರ ಬಿದ್ದಿತು?" ಎಂದು ಕೇಳಿದಳು. ಟ್ಯುನೀಷಿಯಾ ಎಂದೆ. "ಅಲ್ಲಿ ಹಣ್ಣು ಮಾರುವವನೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡಿದ್ದಲ್ಲವೇ ಕಾರಣ?" ಎಂದಳು. ನನಗೆ ಮುಂದೆ ಮಾತು ಹೊಳೆಯಲಿಲ್ಲ. 2011ರ ಮಾರ್ಚ್‌ನಲ್ಲಿ ನಮ್ಮ ಸಂಸತ್ತಿನಲ್ಲೂ ಇದೇ ಸಂದೇಶಗಳಿಂದ ಕೋಲಾಹಲವೆದ್ದದ್ದು ನೆನಪಿದೆ, ಅದು ಹೇಗೆ ತಣ್ಣಗಾಯಿತೆಂಬುದು ನೆನಪಿಲ್ಲ. ಆಗ ಪತ್ರಿಕೆಗಳಲ್ಲಿ ದುಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಉಪಸಂಪಾದಕ, ಮೈಸೂರು

ಆಗ ನಾನು ಕನ್ನಡ ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿದ್ದೆ. 'ದಿ ಹಿಂದೂ' ಭಾರತಕ್ಕೆ ಸಂಬಂಧಿಸಿದ ಸಂದೇಶಗಳನ್ನು ಮಾರ್ಚ್ 15ರಿಂದ ಪ್ರಕಟಿಸತೊಡಗಿತು. ನಮಗೆ ಮೊದಲು ಎದುರಾದ ತೊಡಕು 'ಕೇಬಲ್' ಎಂಬ ಪದ. 'ತಂತಿ' ಎಂದು ಬರೆದರೆ ಹಳ್ಳಿಯ ಓದುಗನಿಗೆ ಸಾವಿನ ಸುದ್ದಿ ತರುತ್ತಿದ್ದ ಟೆಲಿಗ್ರಾಂ ನೆನಪಾಗುತ್ತದೆ, 'ಕೇಬಲ್' ಎಂದೇ ಬಿಟ್ಟರೆ ಟಿ.ವಿ. ಕಣ್ಣಿಗೆ ಬರುತ್ತದೆ. 'ರಾಯಭಾರ ಕಚೇರಿಯ ರಹಸ್ಯ ಸಂದೇಶ' ಎಂಬುದು ಶೀರ್ಷಿಕೆಯಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಗೆ ಕೇಬಲ್ ಎಂದೇ ಇಟ್ಟು, ಒಂದು ವಾರ ದಿನವೂ ಪಕ್ಕದಲ್ಲಿ ಎರಡು ಸಾಲಿನ ವಿವರಣೆ ಹಾಕಿದೆವು.

ಕೋಲಾಹಲವೆದ್ದದ್ದು 17ರಂದು ಬಂದ ಸಂದೇಶಕ್ಕೆ. 2008ರ ಜುಲೈ 22ರ ವಿಶ್ವಾಸಮತಕ್ಕೆ ಕೆಲವೇ ದಿನ ಮೊದಲು, ಕಾಂಗ್ರೆಸ್ ನಾಯಕರೊಬ್ಬರ ಆಪ್ತರು ಅಮೆರಿಕದ ರಾಯಭಾರ ಕಚೇರಿಯ ನೌಕರರೊಬ್ಬರಿಗೆ ಸಂಸದರ ಮತ ಕೊಳ್ಳಲೆಂದು ನಗದು ತುಂಬಿದ ಎರಡು ಪೆಟ್ಟಿಗೆಗಳನ್ನು ತೋರಿಸಿದರು ಎಂದು ಅದರಲ್ಲಿತ್ತು. ಹೆಸರಿಸಲ್ಪಟ್ಟವರು ಅಲ್ಲಗಳೆದರು. ಪ್ರಧಾನಿ ಮನಮೋಹನ್ ಸಿಂಗ್ ಮರುದಿನ ಸಂಸತ್ತಿನಲ್ಲಿ, ಆ ಸಂದೇಶಗಳ ಸತ್ಯಾಸತ್ಯತೆಯನ್ನು ಸರ್ಕಾರ ದೃಢಪಡಿಸಲಾಗದು, ಅದು ಹಿಂದಿನ ಲೋಕಸಭೆಯ ವಿಷಯ, ಆಮೇಲೆ ಜನ ತೀರ್ಪು ಕೊಟ್ಟಿದ್ದಾರೆ ಎಂದರು. ಸರ್ಕಾರ ಅಲುಗಾಡಲಿಲ್ಲ.

ನನಗೆ ಕಂಡ ಕಾರಣ ಹೇಳುತ್ತೇನೆ. ವಿಶ್ವಾಸಮತದ ದಿನವೇ ಬಿಜೆಪಿಯ ಮೂವರು ಸದಸ್ಯರು ಲೋಕಸಭೆಯಲ್ಲಿ ನೋಟಿನ ಕಟ್ಟುಗಳನ್ನು ತೆಗೆದು ತೋರಿಸಿದ್ದರು. ಇಡೀ ದೇಶ ಅದನ್ನು ನೇರ ಪ್ರಸಾರದಲ್ಲಿ ನೋಡಿತ್ತು. ಹಾಗೆ ನೋಡಿಯೂ 2009ರಲ್ಲಿ ಅದೇ ಸರ್ಕಾರಕ್ಕೆ ಮತ ಹಾಕಿತ್ತು. ಸೋರಿಕೆ ಹೊಸದನ್ನು ತಿಳಿಸಲಿಲ್ಲ, ಇದ್ದ ಗುಮಾನಿಗೆ ಸಾಕ್ಷಿಯೊಂದನ್ನು ಸೇರಿಸಿತು ಅಷ್ಟೇ.

ಟ್ಯುನೀಷಿಯಾದಲ್ಲೂ ಸಂದೇಶಗಳು ಹೊಸದೇನನ್ನೂ ಹೇಳಲಿಲ್ಲ. ಅಧ್ಯಕ್ಷ ಬೆನ್ ಅಲಿಯ ಕುಟುಂಬ ದೇಶವನ್ನು ದೋಚುತ್ತಿದೆ ಎಂಬುದು ಚಹಾ ಅಂಗಡಿಗಳಲ್ಲಿ ಪಿಸುಗುಡುವ ಮಾತಾಗಿತ್ತು. 2009ರ ಜುಲೈನಲ್ಲಿ ಅಮೆರಿಕದ ರಾಯಭಾರಿ ರಾಬರ್ಟ್ ಗೋಡೆಕ್ ಬೆನ್ ಅಲಿಯ ಅಳಿಯನ ಮನೆಗೆ ಊಟಕ್ಕೆ ಹೋಗಿ ಬಂದು ಬರೆದ ಸಂದೇಶವನ್ನು ಓದಿ ನೋಡಿ. ಫ್ರಾನ್ಸಿನಿಂದ ವಿಮಾನದಲ್ಲಿ ತರಿಸಿದ ಹೆಪ್ಪುಗಟ್ಟಿದ ಮೊಸರಿನ ತಿನಿಸು, ಪಂಜರದಲ್ಲಿ 'ಪಾಷಾ' ಎಂಬ ಹುಲಿ, ಅದಕ್ಕೆ ದಿನಕ್ಕೆ ನಾಲ್ಕು ಕೋಳಿ. 2010ರ ನವೆಂಬರ್ 28ರಂದು ವಿಕಿಲೀಕ್ಸ್ ಪ್ರಕಟಣೆ ಶುರುಮಾಡಿದ ದಿನವೇ, ಅಲ್ಲಿನ 'ನವಾತ್' ಎಂಬ ಬ್ಲಾಗಿಗರ ತಂಡ ತಮ್ಮ ದೇಶದ ಸಂದೇಶಗಳನ್ನು ಆರಿಸಿ 'ಟ್ಯುನಿಲೀಕ್ಸ್' ಎಂದು ಹಂಚತೊಡಗಿತು. ಡಿಸೆಂಬರ್ 17ರಂದು ಸಿದಿ ಬೂಜಿದ್‌ನಲ್ಲಿ ಮೊಹಮದ್ ಬುವಜೀಜಿ ಬೆಂಕಿ ಹಚ್ಚಿಕೊಂಡ. ಜನವರಿ 14ಕ್ಕೆ ಬೆನ್ ಅಲಿ ದೇಶ ಬಿಟ್ಟ.

ನಿಮ್ಮ ವಿದ್ಯಾರ್ಥಿನಿಯ ಮಾತು ಸರಿ, ಕಿಡಿ ಆ ಹುಡುಗನದು. ಆದರೆ ಹೊಟ್ಟೆಯ ಕಷ್ಟ ನಮಗೆ ಗೊತ್ತಿರುವುದು ಒಂದು, ನಮ್ಮ ದೊರೆಯ ಬೆನ್ನಿಗಿದೆ ಎಂದು ನಾವು ಹೆದರುವ ಅಮೆರಿಕಕ್ಕೂ ಅವನ ಬಗ್ಗೆ ಅಸಹ್ಯವಿದೆ ಎಂದು ತಿಳಿಯುವುದು ಇನ್ನೊಂದು. ಆ ಭಯವನ್ನು ಸಂದೇಶಗಳು ಸಡಿಲಿಸಿದವು ಎಂದೇ ನಾನು ನಂಬಿದ್ದೇನೆ. ನಮ್ಮಲ್ಲಿ ಸಿಟ್ಟಿಗೆ ಮತಪೆಟ್ಟಿಗೆಯ ದಾರಿ ಇತ್ತು. ಅವರಿಗೆ ಬೀದಿಯೊಂದೇ ಇತ್ತು.

ಉತ್ತರ: ಜಿಲ್ಲಾ ಕಚೇರಿಯಲ್ಲಿ ಮೂವತ್ತು ವರ್ಷ, ಬೆಳಗಾವಿ

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಒಂದು ಸಂಕಟ ಹೇಳಲೇಬೇಕು. ಮೊಹರು ಹಾಕಿದ ಲಕೋಟೆಗಳನ್ನು ವರ್ಷಗಟ್ಟಲೆ ಕೈಯಾರೆ ಸಾಗಿಸಿದವಳು ನಾನು. ಅವುಗಳಲ್ಲಿ ಮುಚ್ಚಿಡಬೇಕಾದದ್ದು ಬಹಳ ಕಡಿಮೆ ಇರುತ್ತಿತ್ತು. ಇರುತ್ತಿದ್ದದ್ದು ಹೆಚ್ಚಾಗಿ ಮಾಹಿತಿ ಕೊಟ್ಟವರ ಹೆಸರು. ಊರಿನ ಯಾವನೋ ರೈತ ಮರಳು ದಂಧೆಯ ಬಗ್ಗೆ ಬರೆದುಕೊಟ್ಟಿದ್ದರೆ, ಅವನ ಸಹಿ ಹೊರಬಿದ್ದ ದಿನ ಅವನ ಗತಿ ಏನು?

1971ರಲ್ಲಿ ಅಮೆರಿಕದ ರಕ್ಷಣಾ ವಿಶ್ಲೇಷಕ ಡೇನಿಯಲ್ ಎಲ್ಸ್‌ಬರ್ಗ್ ವಿಯೆಟ್ನಾಂ ಯುದ್ಧದ ಬಗ್ಗೆ ಸರ್ಕಾರ ಬರೆಸಿದ್ದ ರಹಸ್ಯ ವರದಿಯ ಸುಮಾರು 7,000 ಪುಟಗಳನ್ನು ಹೊರತಂದರು. ಜೆರಾಕ್ಸ್ ಯಂತ್ರದ ಮೇಲೆ ಒಂದೊಂದೇ ಹಾಳೆ ಮಗುಚಿದ್ದರು. ಶಾಂತಿ ಮಾತುಕತೆಗೆ ಧಕ್ಕೆಯಾಗಬಾರದೆಂದು ಅದಕ್ಕೆ ಸಂಬಂಧಿಸಿದ ಸಂಪುಟಗಳನ್ನು ಮಾತ್ರ ಪತ್ರಿಕೆಗೆ ಕೊಡಲಿಲ್ಲ. ಕೈಯಲ್ಲಿ ಹಾಳೆ ಹಿಡಿದವನಿಗೆ ಹಾಗೆ ಬೇರ್ಪಡಿಸಲು ಆಗುತ್ತದೆ. ಈ ಸಂದೇಶಗಳನ್ನು ವಿಕಿಲೀಕ್ಸ್‌ಗೆ ಕೊಟ್ಟ, ಇರಾಕಿನಲ್ಲಿದ್ದ ಅಮೆರಿಕದ ಸೇನೆಯ ಮ್ಯಾನಿಂಗ್ ಹಾಡಿನ ಸಿ.ಡಿ.ಯನ್ನು ಅಳಿಸಿ ಕಡತಗಳನ್ನು ತುಂಬಿಕೊಂಡು ಹೋದ ಕಾಲದಲ್ಲಿ 2,51,287 ಸಂದೇಶಗಳನ್ನು ಯಾರು ಕೂತು ಓದುತ್ತಾರೆ? ಮೊದಲು ಪತ್ರಿಕೆಗಳು ಹೆಸರು ಅಳಿಸಿ ಪ್ರಕಟಿಸಿದವು. 2011ರ ಸೆಪ್ಟೆಂಬರ್‌ನಲ್ಲಿ ವಿಕಿಲೀಕ್ಸ್ ಎಲ್ಲವನ್ನೂ ಹಾಗೆಯೇ ಬಿಟ್ಟಿತು. ಸಂದೇಶವೊಂದರಲ್ಲಿ ಹೆಸರು ಬಂದಿದ್ದ ಇಥಿಯೋಪಿಯಾದ ಪತ್ರಕರ್ತರೊಬ್ಬರು ದೇಶ ಬಿಟ್ಟು ಓಡಬೇಕಾಯಿತು. ಅವರು ಯಾವ ಸರ್ಕಾರವನ್ನೂ ನಡೆಸುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಅಮ್ಮಾ, ನಿಮ್ಮ ರೈತನ ಮಾತನ್ನು ತರಗತಿಯಲ್ಲಿ ಹೇಳಲು ಅನುಮತಿ ಕೊಡಿ. ಸರ್, ಮಕ್ಕಳಿಗೆ ಯಾವ ಸಂದೇಶ ಓದಲು ಕೊಡಲಿ? ಎರಡು ಪುಟ ಮೀರಬಾರದು.

ನಿವೃತ್ತ ಉಪಸಂಪಾದಕ, ಮೈಸೂರು

ಊಟದ ಸಂದೇಶವನ್ನೇ ಕೊಡಿ, ಆಯ್ದ ಭಾಗ ಸಾಕು. ಕನ್ನಡಕ್ಕೆ ತರುವ ಕೆಲಸವನ್ನು ಪ್ರಶ್ನೆ ಕೇಳಿದ ಹುಡುಗಿಗೇ ವಹಿಸಿ. ಆ ಮೊಸರಿನ ತಿನಿಸಿಗೆ ಅವಳು ಯಾವ ಪದ ಹಾಕುತ್ತಾಳೆಂದು ನನಗೆ ತಿಳಿಸಿ. ಅಂದು ರಾತ್ರಿ ನನಗೆ ಸರಿಯಾದದ್ದು ಸಿಕ್ಕಿರಲಿಲ್ಲ.

ಜಿಲ್ಲಾ ಕಚೇರಿಯಲ್ಲಿ ಮೂವತ್ತು ವರ್ಷ, ಬೆಳಗಾವಿ

ಹೇಳಿ ತಾಯಿ, ಅಡ್ಡಿಯಿಲ್ಲ. ಊರಿನ ಹೆಸರು ಕೇಳಿದರೆ ಮಾತ್ರ ಹೇಳಬೇಡಿ.