ಪದಚರ್ಚೆ: ಅಮೆರಿಕದ ಮ್ಯೂಸಿಕಲ್ ನಾಟಕಗಳ ‘ಕಂಪೋಸರ್’, ‘ಲಿರಿಸಿಸ್ಟ್’, ‘ಬುಕ್’ – ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮ್ಯೂಸಿಕಲ್ ನಾಟಕಗಳ, ಅಂದರೆ ಮಾತಿನ ಜೊತೆ ಹಾಡು, ಕುಣಿತವೂ ಸೇರಿ ಕತೆ ಹೇಳುವ ನಾಟಕಗಳ, ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕತೆ, ಊರು, ಇಸವಿ ಎಲ್ಲ ಸಲೀಸಾಗಿ ಬಂತು. ಸಿಕ್ಕಿಕೊಂಡದ್ದು ಯಾರು ಯಾವ ಕೆಲಸ ಮಾಡಿದರು ಅಂತ ಹೇಳುವ ಕಡೆ. ಅದಕ್ಕೇ ಈ ಪತ್ರ.

ಬರೀ ಪದಗಳನ್ನು ಸಾಲಾಗಿ ಕೊಟ್ಟರೆ ತೊಡಕು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಒಂದು ನಾಟಕವನ್ನೇ ಮುಂದಿಟ್ಟುಕೊಳ್ಳೋಣ. ‘ವೆಸ್ಟ್ ಸೈಡ್ ಸ್ಟೋರಿ’. ನ್ಯೂಯಾರ್ಕಿನ ನಾಟಕಶಾಲೆಗಳ ಕೇರಿಯಾದ ಬ್ರಾಡ್‌ವೇಯ ವಿಂಟರ್ ಗಾರ್ಡನ್ ಥಿಯೇಟರಿನಲ್ಲಿ 1957ರ ಸೆಪ್ಟೆಂಬರ್ 26ರಂದು ಶುರುವಾಯಿತು. ಸಂಗೀತ ಲೆನರ್ಡ್ ಬರ್ನ್‌ಸ್ಟೈನ್ ಅವರದು. ಲಿರಿಕ್ಸ್, ಅಂದರೆ ಹಾಡಿನ ಪದಗಳು, ಸ್ಟೀಫನ್ ಸಾಂಡ್‌ಹೈಮ್ ಅವರದು, ಆಗ ಅವರಿಗೆ 27 ವರ್ಷ. ‘ಬುಕ್’, ಅಂದರೆ ನಾಟಕದ ಕತೆ ಮತ್ತು ಆಡುಮಾತು, ಆರ್ಥರ್ ಲಾರೆಂಟ್ಸ್. ನಿರ್ದೇಶನ ಮತ್ತು ನೃತ್ಯ ಜೆರೋಮ್ ರಾಬಿನ್ಸ್. ಆರ್ಕೆಸ್ಟ್ರೇಶನ್ (ಯಾವ ವಾದ್ಯ ಏನು ನುಡಿಸಬೇಕು ಅಂತ ಹಂಚುವ) ಕೆಲಸದಲ್ಲಿ ಬರ್ನ್‌ಸ್ಟೈನ್ ಜೊತೆಗೆ ಸಿಡ್ ರಾಮಿನ್, ಅರ್ವಿನ್ ಕೋಸ್ಟಲ್. ಮ್ಯೂಸಿಕಲ್ ಡೈರೆಕ್ಟರ್ ಮ್ಯಾಕ್ಸ್ ಗೋಬರ್ಮನ್.

ಕೊನೆಯ ಹೆಸರಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಡವುವ ಜಾಗ ಅದೇ. ನಮ್ಮಲ್ಲಿ ‘ಸಂಗೀತ ನಿರ್ದೇಶಕ’ ಅಂದರೆ ಹಾಡಿಗೆ ಟ್ಯೂನ್ ಹಾಕುವವರು. ಸಿನಿಮಾ ನೋಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬ್ರಾಡ್‌ವೇಯಲ್ಲಿ ಹಾಗಲ್ಲ. ಅಲ್ಲಿ ಮ್ಯೂಸಿಕಲ್ ಡೈರೆಕ್ಟರ್ ಅಂದರೆ ನಟರಿಗೆ ಹಾಡು ಕಲಿಸಿ, ರಂಗದ ಮುಂದಿನ ಹಳ್ಳದಲ್ಲಿ ಕೂತ ವಾದ್ಯದವರನ್ನು ದಿನಾ ರಾತ್ರಿ ನಡೆಸುವವರು. ಒಂದು ಸ್ವರವನ್ನೂ ಅವರು ಹೊಸದಾಗಿ ಕಟ್ಟಬೇಕಾಗಿಲ್ಲ. ಬರ್ನ್‌ಸ್ಟೈನ್ ಜಗತ್ತಿಗೆಲ್ಲ ಗೊತ್ತಿದ್ದ ಕಂಡಕ್ಟರ್, ಅಂದರೆ ಕೋಲು ಬೀಸಿ ವಾದ್ಯವೃಂದವನ್ನು ನಡೆಸುವವರು. ಆದರೂ ಅವರದೇ ನಾಟಕದಲ್ಲಿ ಕೋಲು ಹಿಡಿದು ನಿಂತವರು ಗೋಬರ್ಮನ್. ಈಗ ನಾನು ‘ಸಂಗೀತ ನಿರ್ದೇಶನ: ಗೋಬರ್ಮನ್’ ಅಂತ ಬರೆದರೆ ಕನ್ನಡದ ಓದುಗರು ಆ ಹಾಡುಗಳೆಲ್ಲ ಅವರದೇ ಅಂದುಕೊಳ್ಳುತ್ತಾರೆ. ‘ಸಂಗೀತ ನಿರ್ದೇಶನ: ಬರ್ನ್‌ಸ್ಟೈನ್’ ಅಂತ ಬರೆದರೆ ಅರ್ಥ ಸರಿ, ಆದರೆ ಮೂಲ ಗೊತ್ತಿದ್ದವರು ಹುಬ್ಬೇರಿಸುತ್ತಾರೆ. ಈ ಪದವನ್ನು ಎರಡು ಕಡೆಯೂ ಬಿಟ್ಟುಬಿಡುವುದೇ ವಾಸಿ ಅಂತ ನನ್ನ ಲೆಕ್ಕ. ಬರ್ನ್‌ಸ್ಟೈನ್‌ಗೆ ‘ಸಂಗೀತ ರಚನೆ’, ಗೋಬರ್ಮನ್‌ಗೆ ‘ವಾದ್ಯವೃಂದದ ನಿರ್ವಹಣೆ’. ಎರಡನೆಯದು ಸ್ವಲ್ಪ ಸರ್ಕಾರಿ ಕಾಗದದ ಹಾಗೆ ಕೇಳುತ್ತದೆ, ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಇನ್ನು ಲಿರಿಸಿಸ್ಟ್. ‘ಗೀತರಚನೆಕಾರ’ ಇದೆಯಲ್ಲ, ಇನ್ನೇನು ಬೇಕು ಅನ್ನಬಹುದು. ಆದರೆ ‘ಗೀತೆ’ ಅಂದಕೂಡಲೇ ನಮ್ಮ ಕಿವಿಗೆ ಪದವೂ ಧಾಟಿಯೂ ಸೇರಿದ ಇಡೀ ಹಾಡು ಕೇಳುತ್ತದೆ. ಬ್ರಾಡ್‌ವೇಯಲ್ಲಿ ಈ ಎರಡರ ನಡುವೆ ಗೆರೆ ದಪ್ಪ. ಸಾಲದ್ದಕ್ಕೆ, ಯಾವುದು ಮೊದಲು ಅನ್ನುವುದರ ಮೇಲೆ ಕೆಲಸದ ರೀತಿಯೇ ಬದಲಾಗುತ್ತದೆ. ಇದಕ್ಕೆ ರಿಚರ್ಡ್ ರಾಜರ್ಸ್ ಅವರಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಒಬ್ಬರೇ ಸಂಗೀತಗಾರರು, ಮುಖ್ಯವಾಗಿ ಇಬ್ಬರು ಲಿರಿಸಿಸ್ಟ್‌ಗಳ ಜೊತೆ ಕೆಲಸ ಮಾಡಿದರು. ಮೊದಲು ಲೊರೆಂಜ್ ಹಾರ್ಟ್, 20 ವರ್ಷಕ್ಕೂ ಜಾಸ್ತಿ. ಆಗ ಸಾಮಾನ್ಯವಾಗಿ ಟ್ಯೂನ್ ಮೊದಲು, ಹಾರ್ಟ್ ಅದಕ್ಕೆ ಮಾತು ಕೂಡಿಸುತ್ತಿದ್ದರು. ಆಮೇಲೆ ಬಂದವರು ಆಸ್ಕರ್ ಹ್ಯಾಮರ್‌ಸ್ಟೈನ್. 1943ರ ‘ಓಕ್ಲಹೋಮ!’ ನಾಟಕದಿಂದ ಲೆಕ್ಕ ತಿರುಗಾಮುರುಗಾ ಆಯಿತು. ಹ್ಯಾಮರ್‌ಸ್ಟೈನ್ ಪೆನ್ಸಿಲ್ವೇನಿಯಾದ ಡಾಯ್ಲ್ಸ್‌ಟೌನಿನ ತಮ್ಮ ತೋಟದ ಮನೆಯಲ್ಲಿ ವಾರಗಟ್ಟಲೆ ಕೂತು ಸಾಲು ತಿದ್ದುತ್ತಿದ್ದರು. ಅದು ರಾಜರ್ಸ್ ಕೈಗೆ ಬಂದರೆ ನೋಡನೋಡುತ್ತ ಟ್ಯೂನ್ ಸಿದ್ಧ.

ಹ್ಯಾಮರ್‌ಸ್ಟೈನ್ ಎಷ್ಟು ತಿದ್ದುತ್ತಿದ್ದರು ಅನ್ನುವುದಕ್ಕೆ ಅವರೇ ಹೇಳಿಕೊಂಡ ಒಂದು ಸಂಗತಿ ಇದೆ. ‘ಓಕ್ಲಹೋಮ!’ದ ಮೊದಲ ಹಾಡಿನಲ್ಲಿ ಜೋಳದ ಬೆಳೆ ಎಷ್ಟೆತ್ತರ ಅಂತ ಹೇಳಬೇಕಿತ್ತು. ದನ ಕಾಯುವವರ ಕುದುರೆಯ ಕಣ್ಣಿನ ಎತ್ತರ ಅಂತ ಮೊದಲು ಬರೆದರು. ಆಮೇಲೆ ಪಕ್ಕದವರ ಹೊಲಕ್ಕೆ ಹೋಗಿ ನೋಡಿದರೆ ಬೆಳೆ ಅದಕ್ಕಿಂತ ತುಂಬಾ ಎತ್ತರ ಬೆಳೆದು ನಿಂತಿದೆ. ವಾಪಸು ಬಂದು ಕುದುರೆ ತೆಗೆದು ಆನೆ ಹಾಕಿದರು. (ಅದು ಮುಸುಕಿನ ಜೋಳ. ಬರೀ ‘ಜೋಳ’ ಅಂದರೆ ಉತ್ತರ ಕರ್ನಾಟಕದ ಓದುಗರ ಕಣ್ಣಿಗೆ ಬಿಳಿಜೋಳದ ತೆನೆ ಬರುತ್ತದೆ. ಗೋವಿನಜೋಳ, ಮೆಕ್ಕೆಜೋಳ, ಯಾವುದನ್ನು ಹಾಕುವುದು ಅನ್ನುವುದು ಬೇರೆಯೇ ಜಗಳ, ಅದನ್ನು ಈಗ ಎಳೆಯುವುದು ಬೇಡ.)

ಅವರು ಇನ್ನೊಂದು ಮಾತು ಹೇಳುತ್ತಾರೆ, ಅದು ನನಗೆ ತುಂಬಾ ಹಿಡಿಸಿತು. 1945ರ ‘ಕರೋಸೆಲ್’ ನಾಟಕದ ಒಂದು ಹಾಡು ಜನಪ್ರಿಯವಾಗಲಿಲ್ಲ. ಅದಕ್ಕೆ ಅವರು ಹಾಡಿನ ಕಡೆಯ ಪದವನ್ನೇ ದೂರಿದರು. ಆ ಪದ ‘ಕ್’ ಎಂದು ಮುಗಿಯುತ್ತದೆ. ಹಾಡುವವರು ಕೊನೆಯ ಸ್ವರವನ್ನು ಎಳೆಯೋಣ ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಚಪ್ಪಾಳೆಗೆ ಬೇಕಾದ ಎತ್ತರ ಸಿಗುವುದಿಲ್ಲ. ಕನ್ನಡದಲ್ಲಿ ಪದ ಕಟ್ಟುವವರಿಗೆ ಈ ತಲೆನೋವೇ ಇಲ್ಲ, ಅಲ್ವಾ? ನಮ್ಮ ಪದಗಳು ಹೆಚ್ಚುಕಡಿಮೆ ಎಲ್ಲವೂ ಅ, ಇ, ಉ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ಹೊರಗಿನಿಂದ ಬಂದ ‘ಬಸ್’ ಕೂಡ ಬಾಯಿಗೆ ಬಂದರೆ ‘ಬಸ್ಸು’ ಆಗುತ್ತದೆ. ಇಂಗ್ಲಿಷಿನಲ್ಲಿ ಲಿರಿಸಿಸ್ಟ್ ಅಂದರೆ ಅರ್ಥ, ಪ್ರಾಸ, ಒತ್ತು ನೋಡಿಕೊಂಡರೆ ಸಾಲದು, ಹಾಡುವವರ ಬಾಯಿ ಎಲ್ಲಿ ತೆರೆದಿರಬೇಕು ಅಂತಲೂ ನೋಡಬೇಕು. ಇದೆಲ್ಲ ‘ಸಾಹಿತಿ’ ಅನ್ನುವ ಪದದಲ್ಲಿ ಬರುತ್ತದೆಯೇ? ನನಗೆ ಅನುಮಾನ. ‘ಸಾಹಿತ್ಯ: ಸಾಂಡ್‌ಹೈಮ್’ ಅಂದರೆ ಸರಿ, ಸಿನಿಮಾ ಟೈಟಲ್‌ಗಳಿಂದ ಕಣ್ಣಿಗೆ ಒಗ್ಗಿಹೋಗಿದೆ. ‘ಸಾಹಿತಿ ಸಾಂಡ್‌ಹೈಮ್’ ಅಂದರೆ ಮಾತ್ರ ಯಾವುದೋ ಸಮ್ಮೇಳನದ ಅಧ್ಯಕ್ಷರ ನೆನಪು ಬರುತ್ತದೆ.

ಇಲ್ಲಿ ಹಳೆಯ ಶಾಸ್ತ್ರದ ಕಡೆ ಒಮ್ಮೆ ನೋಡಿದೆ. 13ನೇ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ನುಡಿಗೆ ‘ಮಾತು’, ಅದರ ಸಂಗೀತಕ್ಕೆ ‘ಧಾತು’ ಅಂತ ಹೆಸರು. ಎರಡನ್ನೂ ಮಾಡುವವನು ‘ವಾಗ್ಗೇಯಕಾರ’, ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಬಳಕೆಯಲ್ಲಿ ಇಲ್ಲದ ಇನ್ನೊಂದು ಪದವೂ ಅಲ್ಲೇ ಇದೆ: ‘ಕುಟ್ಟಿಕಾರ’. ಬೇರೆಯವರ ಧಾತುವಿಗೆ ಮಾತು ಕೂಡಿಸುವವನು. ಹಾರ್ಟ್ ಮಾಡುತ್ತಿದ್ದ ಕೆಲಸಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ! ಆದರೆ ಲೇಖನದಲ್ಲಿ ಹಾಕಲು ಧೈರ್ಯ ಸಾಲದು. ಓದುವವರಿಗೆ ಮೊದಲು ನೆನಪಾಗುವುದು ಒನಕೆ.

ಅದೇ ಶಾಸ್ತ್ರದಲ್ಲಿ ಮೇಲುಕೀಳಿನ ಲೆಕ್ಕವೂ ಇದೆ. ಧಾತು ಚೆನ್ನಾಗಿದ್ದು ಮಾತು ಸಪ್ಪೆಯಾದರೆ ಮಧ್ಯಮ. ಮಾತು ಚೆನ್ನಾಗಿದ್ದು ಧಾತು ಸಪ್ಪೆಯಾದರೆ ಅಧಮ. ಅಂದರೆ ಸಂಗೀತದ ಕೈ ಮೇಲು. ಅಮೆರಿಕದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಆದದ್ದೂ ಉಂಟು. 1932ರಲ್ಲಿ ‘ಆಫ್ ದೀ ಐ ಸಿಂಗ್’ ನಾಟಕಕ್ಕೆ ಅಮೆರಿಕದ ದೊಡ್ಡ ಬಹುಮಾನವಾದ ಪುಲಿಟ್ಜರ್ ಬಂತು. ಮ್ಯೂಸಿಕಲ್ ಒಂದಕ್ಕೆ ನಾಟಕದ ಪುಲಿಟ್ಜರ್ ಸಿಕ್ಕಿದ್ದು ಅದೇ ಮೊದಲು. ಬಹುಮಾನ ಬಂದದ್ದು ‘ಬುಕ್’ ಬರೆದ ಜಾರ್ಜ್ ಕಾಫ್‌ಮನ್ ಮತ್ತು ಮಾರಿ ರಿಸ್ಕಿಂಡ್‌ಗೆ, ಲಿರಿಕ್ಸ್ ಬರೆದ ಐರಾ ಗರ್ಶ್ವಿನ್‌ಗೆ. ಸಂಗೀತ ಕೊಟ್ಟ ಜಾರ್ಜ್ ಗರ್ಶ್ವಿನ್‌ಗೆ ಏನೂ ಇಲ್ಲ! ಬಹುಮಾನ ನಾಟಕ ಸಾಹಿತ್ಯಕ್ಕೆ, ಸಂಗೀತ ಅದರಲ್ಲಿ ಬರುವುದಿಲ್ಲ ಅನ್ನುವ ಲೆಕ್ಕ. ಅಣ್ಣನಿಗೆ ಸಿಕ್ಕಿತು, ತಮ್ಮನಿಗೆ ಇಲ್ಲ. ಜಾರ್ಜ್ 1937ರಲ್ಲಿ ತೀರಿಕೊಂಡರು. ಪುಲಿಟ್ಜರ್‌ನವರು 1998ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ವಿಶೇಷ ಗೌರವ ಕೊಟ್ಟರು. ಅಷ್ಟು ಹೊತ್ತಿಗೆ ರೂಢಿ ಬದಲಾಗಿತ್ತು. 1950ರಲ್ಲಿ ‘ಸೌತ್ ಪೆಸಿಫಿಕ್’ಗೆ ಬಹುಮಾನ ಬಂದಾಗ ರಾಜರ್ಸ್ ಹೆಸರೂ ಸೇರಿತ್ತು. ಈ ಭಾಗವನ್ನು ಬರೆಯುವಾಗ ‘ಮಾತು’, ‘ಧಾತು’ ಎರಡನ್ನೂ ಬಳಸಬೇಕು ಅಂತ ಕೈ ತುರಿಸುತ್ತಿದೆ. ಆದರೆ ಮ್ಯೂಸಿಕಲ್ ನಾಟಕದಲ್ಲಿ ಮಾತೂ ಇರುತ್ತದೆ, ಹಾಡೂ ಇರುತ್ತದೆ. ‘ಮಾತು’ ಅಂದರೆ ಡೈಲಾಗು ಅಂತಲೇ ಓದಿಕೊಳ್ಳುತ್ತಾರೆ.

ಹಾಗಾದರೆ ಎರಡನ್ನೂ ಒಬ್ಬರೇ ಮಾಡುವವರನ್ನು ‘ವಾಗ್ಗೇಯಕಾರ’ ಅನ್ನಬಹುದೇ? ಅರ್ವಿಂಗ್ ಬರ್ಲಿನ್, ಕೋಲ್ ಪೋರ್ಟರ್, 1962ರಿಂದ ಸಾಂಡ್‌ಹೈಮ್, ಈಚೆಗೆ 2015ರ ‘ಹ್ಯಾಮಿಲ್ಟನ್’ ಬರೆದ ಲಿನ್-ಮ್ಯಾನುಯೆಲ್ ಮಿರಾಂಡಾ, ಎಲ್ಲರೂ ಈ ಸಾಲಿನವರೇ. ಬರ್ಲಿನ್‌ಗೆ ಸಂಗೀತದ ಲಿಪಿ ಓದಲು ಬರುತ್ತಿರಲಿಲ್ಲ. ಅವರು ನುಡಿಸುವುದು, ಸಹಾಯಕರು ಬರೆದುಕೊಳ್ಳುವುದು. ನಮ್ಮ ವಾಗ್ಗೇಯಕಾರರ ಕೃತಿಗಳನ್ನೂ ಶಿಷ್ಯರೇ ಉಳಿಸಿಕೊಂಡರಲ್ಲ!

ಈ ಪದದ ಪರವಾಗಿ ನನ್ನ ಹತ್ತಿರ ಇರುವ ಬಲವಾದ ಸಾಕ್ಷಿ ಸಾಂಡ್‌ಹೈಮ್ ಅವರದೇ. 1973ರ ‘ಎ ಲಿಟ್ಲ್ ನೈಟ್ ಮ್ಯೂಸಿಕ್’ನಲ್ಲಿ ಗ್ಲಿನಿಸ್ ಜಾನ್ಸ್ ಅನ್ನುವ ನಟಿಗೆ ಒಂದು ಹಾಡು ಬೇಕಾಯಿತು. ಆಕೆಯ ದನಿ ಚೆಂದ, ಆದರೆ ಒಂದು ಸ್ವರವನ್ನು ಎಳೆದು ಹಿಡಿಯಲು ಆಗುತ್ತಿರಲಿಲ್ಲ. ಸಾಂಡ್‌ಹೈಮ್ ತುಂಡು ತುಂಡು ಸಾಲು ಬರೆದರು. ಸಾಲುಗಳಲ್ಲಿ ಜಾಸ್ತಿ ಪ್ರಶ್ನೆಗಳೇ. ಪ್ರಶ್ನೆ ಕೇಳಿ ನಿಲ್ಲಿಸಿದರೆ ಉಸಿರು ತೆಗೆದುಕೊಳ್ಳಲು ತಾನಾಗಿ ಜಾಗ ಸಿಗುತ್ತದೆ. ಟ್ಯೂನೂ ಅಲ್ಲಲ್ಲಿ ನಿಂತು ನಿಂತು ಸಾಗುತ್ತದೆ. ಅದೇ ‘ಸೆಂಡ್ ಇನ್ ದ ಕ್ಲೌನ್ಸ್’. ಇಲ್ಲಿ ಮಾತು ಮೊದಲೋ ಟ್ಯೂನ್ ಮೊದಲೋ ಅಂತ ಕೇಳುವುದಕ್ಕೇ ಅರ್ಥವಿಲ್ಲ. ಇದನ್ನು ವಾಗ್ಗೇಯ ಅನ್ನದೆ ಇನ್ನೇನು ಅನ್ನುವುದು? ಆದರೂ ಆ ಪದ ಕೇಳಿದರೆ ನಮಗೆ ತ್ಯಾಗರಾಜರು, ತಂಬೂರಿ, ಆರಾಧನೆ. ಟಿಕೆಟ್ ಕೊಟ್ಟು ನೋಡುವ ನಾಟಕಕ್ಕೆ ಅದು ಒಗ್ಗೀತೇ? ಒಗ್ಗುತ್ತದೆ ಅನ್ನುವ ಕಡೆಗೇ ನನ್ನ ಮನಸ್ಸು. ಬೈಯುವವರು ಬೈಯಲಿ.

ಇನ್ನು ‘ಬುಕ್’. ಯಾವುದೋ ತರ್ಜುಮೆಯಲ್ಲಿ ‘ಪುಸ್ತಕ: ಲಾರೆಂಟ್ಸ್’ ಅಂತ ಬಂದರೆ ಅದು ಕಾದಂಬರಿ ಆಧಾರಿತ ಅಂತ ಜನ ತಿಳಿಯುತ್ತಾರೆ. ಬುಕ್ ಅಂದರೆ ನಾಟಕದ ಕಟ್ಟು: ದೃಶ್ಯಗಳು, ಪಾತ್ರಗಳು, ಆಡುಮಾತು, ಎಲ್ಲಿ ಮಾತು ನಿಂತು ಹಾಡು ಶುರುವಾಗಬೇಕು ಅನ್ನುವ ತೀರ್ಮಾನ. ‘ಸಂಭಾಷಣೆ’ ಅಂದರೆ ಕಮ್ಮಿಯಾಗುತ್ತದೆ. ‘ಚಿತ್ರಕಥೆ’ಯ ಜಾಡಿನಲ್ಲಿ ‘ರಂಗಕಥೆ’ ಅನ್ನೋಣವೇ? ಪಾಪ, ಇದು ಹೆಸರು ಬರದ ಕೆಲಸ. ಒಳ್ಳೆಯ ಮಾತು ಬರೆದರೆ ಲಿರಿಸಿಸ್ಟ್ ಅದನ್ನೇ ಎತ್ತಿಕೊಂಡು ಹಾಡು ಮಾಡುತ್ತಾರೆ. ‘ವೆಸ್ಟ್ ಸೈಡ್ ಸ್ಟೋರಿ’ಯ ನಾಯಕ ಟೋನಿ ಏನೋ ಆಗಲಿದೆ ಅಂತ ಕಾಯುತ್ತ ಹಾಡುವ ಹಾಡು ಹುಟ್ಟಿದ್ದೇ ಲಾರೆಂಟ್ಸ್ ಅವನಿಗೆ ಬರೆದಿದ್ದ ಮಾತಿನಿಂದ. ಅದೇ ನಾಟಕದಲ್ಲಿ ಇದಕ್ಕೆ ಎದುರಾದದ್ದೂ ನಡೆಯಿತು. ಲಿರಿಕ್ಸ್‌ನಲ್ಲಿ ಮೊದಲು ಬರ್ನ್‌ಸ್ಟೈನ್ ಹೆಸರೂ ಇತ್ತು. ನ್ಯೂಯಾರ್ಕಿಗೆ ಬರುವ ಮೊದಲೇ ಅವರು ತಮ್ಮ ಹೆಸರು ತೆಗೆಸಿ ಪೂರ್ತಿ ಶ್ರೇಯಸ್ಸನ್ನು ಸಾಂಡ್‌ಹೈಮ್‌ಗೆ ಬಿಟ್ಟರು.

ಉಳಿದ ಚಿಲ್ಲರೆ ಪದಗಳು. ‘ಸ್ಕೋರ್’ ಅಂದರೆ ಸಂಗೀತ ಮಾತ್ರ ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯವರ ಸ್ಕೋರ್ ವಿಭಾಗದಲ್ಲಿ ಲಿರಿಕ್ಸೂ ಸೇರುತ್ತದೆ. ಹಾಗಾಗಿ ‘ಹಾಡುಗಳು’ ಅಂದರೆ ಸಾಕು. ‘ಆರ್ಕೆಸ್ಟ್ರೇಶನ್’ಗೆ ‘ವಾದ್ಯ ಸಂಯೋಜನೆ’. ‘ಮ್ಯೂಸಿಕಲ್’ ಅನ್ನು ‘ಗೀತನಾಟಕ’ ಅನ್ನಲು ಮನಸ್ಸಿಲ್ಲ, ಆ ಹೆಸರು ಪುತಿನ ಅವರ ನಾಟಕಗಳಿಗೆ ಅಂಟಿಕೊಂಡಿದೆ. ಮ್ಯೂಸಿಕಲ್ ಹಾಗೇ ಇರಲಿ. ‘ಟ್ರಂಕ್ ಸಾಂಗ್’ ಅಂದರೆ ಒಂದು ನಾಟಕದಿಂದ ಕಿತ್ತ ಹಾಡನ್ನು ಮುಂದೆ ಬೇಕಾದೀತು ಅಂತ ಎತ್ತಿಡುವುದು. ‘ಪೆಟ್ಟಿಗೆ ಹಾಡು’ ಅಂದೆ, ಮನೆಯಲ್ಲಿ ಕೇಳಿದವರು ಹಾರ್ಮೋನಿಯಮ್ ಅಂದುಕೊಂಡರು. ‘ರೈಮ್’ಗೆ ‘ಅಂತ್ಯಪ್ರಾಸ’ ಅಂತಲೇ ಬಿಡಿಸಿ ಹೇಳಬೇಕು. ಬರೀ ಪ್ರಾಸ ಅಂದರೆ ಹಳಗನ್ನಡ ಓದಿದವರು ಎರಡನೆಯ ಅಕ್ಷರ ಹುಡುಕುತ್ತಾರೆ.

ನಿಮ್ಮಲ್ಲಿ ಯಾರಾದರೂ ಹವ್ಯಾಸಿ ರಂಗಭೂಮಿಯಲ್ಲಿ ಕೆಲಸ ಮಾಡಿದವರಿದ್ದರೆ ಒಂದು ಮಾತು ತಿಳಿಸಿ. ನಾಟಕದ ಕರಪತ್ರದಲ್ಲಿ ಮಾತು ಒಬ್ಬರದು, ಹಾಡಿನ ಪದ ಇನ್ನೊಬ್ಬರದು, ಧಾಟಿ ಮತ್ತೊಬ್ಬರದು ಆದಾಗ ನೀವು ಏನೇನು ಅಂತ ಅಚ್ಚು ಹಾಕಿಸುತ್ತೀರಿ? ‘ರಚನೆ’ ಅಂತ ಒಂದೇ ಹಾಕಿದರೆ ಆ ಹೆಸರು ಯಾರ ಪಾಲಿಗೆ ಹೋಗುತ್ತದೆ?