ಜಪಾನಿ ಸಿನಿಮಾದ ಪ್ರೇತಗಳು ನಿರಪರಾಧಿಗಳನ್ನೇಕೆ ಕಾಡುತ್ತವೆ?

ಹೇಮಾವತಿ ತೀರ, ಹಾಸನ

ಮಾನ್ಯರೇ, ನಮ್ಮ ಊರಿನಲ್ಲಿ ತಿಂಗಳಿಗೊಮ್ಮೆ ಸೇರಿ ಸಿನಿಮಾ ನೋಡಿ ಚರ್ಚಿಸುವ ಸಣ್ಣ ಬಳಗವೊಂದಿದೆ. ಈಚೆಗೆ ಹಿದೆಯೊ ನಕಾತ ನಿರ್ದೇಶಿಸಿದ ‘ರಿಂಗು’ (1998) ಮತ್ತು ತಕಾಶಿ ಶಿಮಿಜು ನಿರ್ದೇಶಿಸಿದ ‘ಜು-ಆನ್’ (2002) ಚಿತ್ರಗಳನ್ನು ನೋಡಿದೆವು. ಎಲ್ಲರೂ ಹೆದರಿದ್ದು ನಿಜ, ಆದರೆ ಚರ್ಚೆ ಒಂದೇ ಪ್ರಶ್ನೆಯ ಸುತ್ತ ನಿಂತುಬಿಟ್ಟಿತು. ನಾವು ಕೇಳಿ ಬೆಳೆದ ಕಥೆಗಳಲ್ಲಿ ಅನ್ಯಾಯವಾಗಿ ಸತ್ತವಳು ತನ್ನನ್ನು ಕೊಂದವರನ್ನೇ ಹುಡುಕಿಕೊಂಡು ಬರುತ್ತಾಳೆ. ಸೇಡು ತೀರಿದ ಮೇಲೆ ಅವಳಿಗೆ ಬಿಡುಗಡೆ ಸಿಗುತ್ತದೆ. ‘ಜು-ಆನ್’ನಲ್ಲಾದರೋ ಹಾಸಿಗೆ ಹಿಡಿದ ವೃದ್ಧೆಯನ್ನು ನೋಡಿಕೊಳ್ಳಲು ಬಂದ ಯುವತಿಗೂ ಉಳಿಗಾಲವಿಲ್ಲ. ‘ರಿಂಗು’ವಿನಲ್ಲಿ ಬಾವಿಗೆ ತಳ್ಳಿ ಕೊಂದ ಸದಾಕೊ ಎಂಬ ಹುಡುಗಿಯ ಅಸ್ಥಿಯನ್ನು ಮೇಲೆತ್ತಿದ ನಂತರವೂ, ಅವಳ ಶಾಪವಿರುವ ವಿಡಿಯೊ ನೋಡಿದವರ ಸಾವು ನಿಲ್ಲುವುದಿಲ್ಲ. ಇದು ಕಥೆ ಕಟ್ಟುವವರ ಅನುಕೂಲವೇ, ಅಥವಾ ಇದರ ಹಿಂದೆ ಅಲ್ಲಿನ ಧಾರ್ಮಿಕ ನಂಬಿಕೆಯೇನಾದರೂ ಇದೆಯೇ? ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಕೊಪ್ಪದ ಓದುಗ

ತಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗ ಪಾಪ ಮತ್ತು ಶಿಕ್ಷೆಯ ಲೆಕ್ಕವನ್ನು ಸ್ವಲ್ಪ ಹೊತ್ತು ಬದಿಗಿಡಬೇಕಾಗುತ್ತದೆ. ಜಪಾನಿನ ಶಿಂತೊ ಸಂಪ್ರದಾಯದಲ್ಲಿ ಸಾವು ‘ಕೆಗಾರೆ’ ಎಂಬ ಮೈಲಿಗೆಯನ್ನು ಉಂಟುಮಾಡುತ್ತದೆ. ಶವಸಂಸ್ಕಾರಕ್ಕೆ ಹೋಗಿ ಬಂದವರು ಮನೆಯೊಳಗೆ ಕಾಲಿಡುವ ಮೊದಲು ಮೈಮೇಲೆ ಉಪ್ಪು ಚಿಮುಕಿಸಿಕೊಳ್ಳುವ ರೂಢಿ ಇಂದಿಗೂ ಇದೆ. ನಮ್ಮ ಮನೆಗಳಲ್ಲಿ ಸೂತಕ ಬಂದಾಗ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಯಾರೂ ಕೇಳುವುದಿಲ್ಲ. ಸಂಬಂಧವಿದ್ದವರಿಗೆಲ್ಲ ಅದು ತಗಲುತ್ತದೆ. ‘ಜು-ಆನ್’ನ ಶಾಪ ಹರಡುವುದು ಇದೇ ರೀತಿ. ತೀವ್ರ ರೋಷದಲ್ಲಿ ಸತ್ತವರ ಶಾಪ ಅವರು ಬದುಕಿದ್ದ ಜಾಗದಲ್ಲಿ ಸಂಚಯವಾಗುತ್ತದೆ, ಅದನ್ನು ಮುಟ್ಟಿದವರು ಸಾಯುತ್ತಾರೆ, ಆ ಸಾವಿನಿಂದ ಮತ್ತೊಂದು ಶಾಪ ಹುಟ್ಟುತ್ತದೆ ಎಂದು ಆ ಚಿತ್ರವೇ ಆರಂಭದಲ್ಲಿ ಹೇಳಿಬಿಡುತ್ತದೆ. ಹೊಸಿಲು ದಾಟಿದ್ದಷ್ಟೇ ಅಲ್ಲಿ ಕಾರಣ.

ಇದರ ಜೊತೆಗೆ ಬೌದ್ಧ ಅಪರಕರ್ಮದ ಚೌಕಟ್ಟನ್ನೂ ನೋಡಬೇಕು. 17ನೆಯ ಶತಮಾನದಲ್ಲಿ ತೊಕುಗಾವ ಆಡಳಿತವು ಪ್ರತಿಯೊಂದು ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ನೋಂದಾಯಿಸಬೇಕೆಂದು ಕಡ್ಡಾಯ ಮಾಡಿದ್ದರಿಂದ ಉತ್ತರಕ್ರಿಯೆಯ ಹೊಣೆ ಬಹುಮಟ್ಟಿಗೆ ಆ ದೇವಾಲಯಗಳದ್ದಾಯಿತು. ಸತ್ತ 49ನೆಯ ದಿನದವರೆಗೆ ವಿಧಿಗಳು ನಡೆಯುತ್ತವೆ, ಅನಂತರ ನಿಗದಿತ ವರ್ಷಗಳಲ್ಲಿ ಸ್ಮರಣೆ ಮುಂದುವರಿಯುತ್ತದೆ, ಸಾಮಾನ್ಯವಾಗಿ 33ನೆಯ ವರ್ಷದ ಹೊತ್ತಿಗೆ ಸತ್ತವರು ಕುಲದ ಪಿತೃಗಳಲ್ಲಿ ಸೇರಿಹೋಗುತ್ತಾರೆ. ಪ್ರೇತವು ಪಿತೃವಾಗಲು ಸಪಿಂಡೀಕರಣ ಆಗಬೇಕೆಂದು ನಂಬುವ ನಮಗೆ ಈ ಕ್ರಮ ಅಪರಿಚಿತವಲ್ಲ. ಸತ್ತ ಹಿರಿಯರನ್ನು ಸ್ಮರಿಸುವ, ಆಗಸ್ಟ್ ನಡುವಿನ ಓಬೊನ್ ಹಬ್ಬದ ಮೂಲಕಥೆಯೂ ಭಾರತದ ಕಡೆಗೇ ನೋಡುತ್ತದೆ: ಬುದ್ಧನ ಶಿಷ್ಯ ಮೌದ್ಗಲ್ಯಾಯನ ತನ್ನ ತಾಯಿ ಪ್ರೇತಲೋಕದಲ್ಲಿ ಹಸಿದಿರುವುದನ್ನು ಕಂಡು ಅನ್ನ ಕೊಟ್ಟಾಗ ಅದು ಬಾಯಿಗೆ ಸೇರುವ ಮುನ್ನ ಬೆಂಕಿಯಾಗುತ್ತದೆ, ಕೊನೆಗೆ ಭಿಕ್ಷುಗಳಿಗೆ ದಾನ ಕೊಟ್ಟು ಆಕೆಯನ್ನು ಬಿಡಿಸುತ್ತಾನೆ. ಈ ಕ್ರಮದಿಂದ ಹೊರಗುಳಿದವರು, ಅಂದರೆ ಮಾಡುವವರಿಲ್ಲದೆ ಸತ್ತವರು ಮತ್ತು ರೋಷದಲ್ಲಿ ಸತ್ತವರು, ಅಪಾಯಕಾರಿಗಳು.

ರೋಷದಲ್ಲಿ ಸತ್ತವರನ್ನು ಶಮನಗೊಳಿಸಲು ರಾಜ್ಯವೇ ಮುಂದಾದ ಉದಾಹರಣೆಗಳು ಅಲ್ಲಿನ ಇತಿಹಾಸದಲ್ಲಿವೆ. ವಿದ್ವಾಂಸ ಮಂತ್ರಿ ಸುಗಾವಾರ ನೊ ಮಿಚಿಜಾನೆ ಸುಳ್ಳು ಆರೋಪದಿಂದ ಗಡಿಪಾರಾಗಿ 903ರಲ್ಲಿ ದಜೈಫುವಿನಲ್ಲಿ ತೀರಿಕೊಂಡ. ಅವನ ವಿರೋಧಿಗಳ ಸಾವುಗಳು, 930ರಲ್ಲಿ ಅರಮನೆಗೆ ಬಡಿದ ಸಿಡಿಲು ಎಲ್ಲವೂ ಅವನ ಕೋಪವೆಂದು ಭಾವಿಸಲಾಯಿತು. 947ರಲ್ಲಿ ಕ್ಯೋತೊದ ಕಿತಾನೊದಲ್ಲಿ ಅವನಿಗೆ ದೇಗುಲವೆದ್ದಿತು. ಇಂದು ಪರೀಕ್ಷೆ ಬರೆಯುವ ಮಕ್ಕಳು ಅವನನ್ನು ವಿದ್ಯೆಯ ದೇವರೆಂದು ಬೇಡಿಕೊಳ್ಳುತ್ತಾರೆ. ಪ್ರೇತವನ್ನು ಗೆಲ್ಲುವುದಲ್ಲ, ಅದಕ್ಕೊಂದು ಸ್ಥಾನ ಕೊಡುವುದು ಅಲ್ಲಿನ ಹಳೆಯ ಪರಿಹಾರ. ಈ ಹಿನ್ನೆಲೆಯಲ್ಲಿ ‘ರಿಂಗು’ವನ್ನು ಮತ್ತೊಮ್ಮೆ ನೋಡಿರಿ. ಅಸ್ಥಿ ದೊರೆತ ಕ್ಷಣದಲ್ಲಿ ಶಾಪದ ಮೂಲ ಹುಡುಕುತ್ತಿದ್ದ ಪತ್ರಕರ್ತೆ ರೆಯಿಕೊ ಅದನ್ನು ಎದೆಗೊತ್ತಿಕೊಳ್ಳುತ್ತಾಳೆ, ಸಂಪ್ರದಾಯ ಬಲ್ಲ ಪ್ರೇಕ್ಷಕ ಕಥೆ ಮುಗಿಯಿತೆಂದುಕೊಳ್ಳುತ್ತಾನೆ, ಮರುದಿನವೇ ಅವಳ ಮಾಜಿ ಗಂಡ ರ್‍ಯೂಜಿ ಸಾಯುತ್ತಾನೆ. ಶಾಂತಿ ಮಾಡಿದರೂ ಶಾಂತವಾಗದ ಪ್ರೇತ ಎಂಬುದೇ ಆ ಚಿತ್ರದ ನಿಜವಾದ ಭಯ ಎಂದು ನಾನು ದೃಢವಾಗಿ ನಂಬುತ್ತೇನೆ.

ರಂಗಾಸಕ್ತೆ, ಅರಸೀಕೆರೆ

ಮೇಲಿನ ಉತ್ತರಕ್ಕೆ ರಂಗಭೂಮಿಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಸದಾಕೊಳ ರೂಪ ಸಿನಿಮಾದಲ್ಲಿ ಹುಟ್ಟಿದ್ದಲ್ಲ. ಬಿಳಿಯ ಉಡುಪು ಶವಕ್ಕೆ ತೊಡಿಸುವ ಬಟ್ಟೆ. ಕಟ್ಟದೆ ಇಳಿಬಿಟ್ಟ ಕೂದಲು ಕಬುಕಿ ನಾಟಕದ ಪ್ರೇತಗಳ ಗುರುತು. 1825ರಲ್ಲಿ ಎದೊ (ಈಗಿನ ಟೋಕಿಯೊ) ನಗರದಲ್ಲಿ ಮೊದಲ ಪ್ರದರ್ಶನ ಕಂಡ ನಾಲ್ಕನೆಯ ತ್ಸುರುಯ ನಂಬೊಕುವಿನ ‘ಯೊತ್ಸುಯ ಕೈದಾನ್’ ನಾಟಕದಲ್ಲಿ ಒಯಿವಾ ಎಂಬ ಗೃಹಿಣಿಗೆ ಔಷಧವೆಂದು ಹೇಳಿ ವಿಷ ಕೊಡುತ್ತಾರೆ. ಮುಖ ವಿಕಾರಗೊಂಡ ಅವಳು ತಲೆ ಬಾಚುತ್ತ ಕುಳಿತಾಗ ಕೂದಲು ಹಿಡಿಹಿಡಿಯಾಗಿ ಉದುರುವ ದೃಶ್ಯ ಇಂದಿಗೂ ಪ್ರೇಕ್ಷಕರನ್ನು ನಡುಗಿಸುತ್ತದೆ. ಈ ನಾಟಕವನ್ನೋ ಅದರ ಸಿನಿಮಾವನ್ನೋ ಮಾಡುವವರು ಮೊದಲು ಒಯಿವಾಳ ಗುಡಿಗೆ ಹೋಗಿ ಕೈಮುಗಿದು ಬರುವ ಪದ್ಧತಿಯಿದೆ. ಪ್ರೇತನಾಟಕಗಳ ಕಾಲ ಬೇಸಿಗೆ. ಓಬೊನ್ ಕೂಡ ಆಗಲೇ ಬರುತ್ತದೆ. ‘ರಿಂಗು’ವಿನ ಕೊನೆಯಲ್ಲಿ ಸದಾಕೊ ನಡೆಯುವ ವಿಚಿತ್ರ ಗತಿಯನ್ನು ಗಮನಿಸಿರಿ: ನಟಿ ಹಿಮ್ಮುಖವಾಗಿ ನಡೆದದ್ದನ್ನು ಚಿತ್ರೀಕರಿಸಿ, ಅದನ್ನು ತಿರುಗುಮುರುಗಾಗಿ ತೋರಿಸಲಾಗಿದೆ.

ಒಯಿವಾಳ ಕಥೆಯಲ್ಲಿ ಮಾತ್ರ ಸೇಡಿಗೆ ಸ್ಪಷ್ಟ ಗುರಿಯಿದೆ, ಅದು ಅವಳ ಗಂಡ ಇಯೆಮೊನ್. ಆದ್ದರಿಂದ ನಮ್ಮ ಕಥೆಗಳಿಗೆ ಹತ್ತಿರವಾದ ಪ್ರೇತಗಳೂ ಅಲ್ಲಿವೆ ಎಂಬುದನ್ನು ಪ್ರಶ್ನೆ ಕೇಳಿದವರು ಮರೆಯಬಾರದು.

ಮೂಡಿಗೆರೆಯಿಂದ

ಮಿಚಿಜಾನೆಯ ವೃತ್ತಾಂತ ಓದಿದಾಗ ನನಗೆ ಚಾರ್ಮಾಡಿ ಘಾಟಿಯ ಕೆಳಗಿನ ಕಲ್ಕುಡ-ಕಲ್ಲುರ್ಟಿಯರ ಪಾಡ್ದನ ನೆನಪಾಯಿತು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ ಬೇರೆಲ್ಲೂ ಅಂಥದ್ದನ್ನು ಮಾಡಬಾರದೆಂದು ಅರಸ ಅವನ ಕೈಕಾಲು ಕಡಿಸಿದ. ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನನ್ನು ಕಾಡಿದರು. ಇಂದು ಅವರಿಗೆ ಕೋಲ ನಡೆಯುತ್ತದೆ. ಈ ಮಟ್ಟಿಗೆ ಕೊಪ್ಪದವರ ಮಾತನ್ನು ಒಪ್ಪುತ್ತೇನೆ.

ಆದರೆ ಎಲ್ಲವನ್ನೂ ಧರ್ಮದಿಂದಲೇ ವಿವರಿಸಲು ಹೊರಟರೆ ಚಿತ್ರಗಳ ಕಾಲ ಕಣ್ಮರೆಯಾಗುತ್ತದೆ. ಸದಾಕೊಳ ತಾಯಿ ಶಿಜುಕೊಳ ಪಾತ್ರದ ಹಿಂದೆ ನಿಜ ಘಟನೆಯ ನೆರಳಿದೆ: ಟೋಕಿಯೊ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ತೊಮೊಕಿಚಿ ಫುಕುರಾಯಿ 1910ರಲ್ಲಿ ಅತೀಂದ್ರಿಯ ದೃಷ್ಟಿಯುಳ್ಳವಳೆಂದು ಹೆಸರಾಗಿದ್ದ ಚಿಜುಕೊ ಮಿಫುನೆಯನ್ನು ಪರೀಕ್ಷೆಗೊಡ್ಡಿದ, ಮೋಸದ ಆರೋಪಗಳ ನಡುವೆ ಆಕೆ 1911ರಲ್ಲಿ ವಿಷ ಕುಡಿದು ಸತ್ತಳು. ಮನುಷ್ಯಳೊಬ್ಬಳನ್ನು ಪ್ರದರ್ಶನದ ವಸ್ತು ಮಾಡಿದ ವಿಜ್ಞಾನ ಮತ್ತು ಪತ್ರಿಕೆಗಳ ಕ್ರೌರ್ಯವೂ ಆ ಬಾವಿಯಲ್ಲಿದೆ. ನಕಾತನ ‘ಡಾರ್ಕ್ ವಾಟರ್’ (2002) ಚಿತ್ರದ ತಾಯಿ ವಿಚ್ಛೇದನದ ಮೊಕದ್ದಮೆಯಲ್ಲಿ ಮಗಳನ್ನು ಉಳಿಸಿಕೊಳ್ಳಲು ಹೋರಾಡುತ್ತಿರುವವಳು. ಸೋರುವ ಅಪಾರ್ಟ್‌ಮೆಂಟಿನ ಛಾವಣಿಯಷ್ಟೇ ಒಂಟಿತನವೂ ಅವಳನ್ನು ಹೆದರಿಸುತ್ತದೆ. ಕಿಯೊಶಿ ಕುರೊಸಾವಾನ ‘ಕೈರೊ’ (2001) ಚಿತ್ರದಲ್ಲಿ ಸತ್ತವರ ಲೋಕ ತುಂಬಿಹೋಗಿ ಪ್ರೇತಗಳು ಇಂಟರ್ನೆಟ್ ಮೂಲಕ ಬರುತ್ತವೆ. ಅಲ್ಲಿ ತರ್ಪಣ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ.

ಹೇಮಾವತಿ ತೀರ, ಹಾಸನ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮೂಡಿಗೆರೆಯವರು ಹೇಳಿದ ಕಾಲದ ಮಾತನ್ನೂ ಕೊಪ್ಪದವರು ಹೇಳಿದ ವಿಧಿಯ ಮಾತನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬಹುದಾದ ಹಳೆಯ ಚಿತ್ರವೊಂದನ್ನು ಸೂಚಿಸುವಿರಾ? ಬಳಗದ ಹಿರಿಯರಿಗೆ ರಕ್ತ ಚೆಲ್ಲುವ ದೃಶ್ಯಗಳು ಹಿಡಿಸುವುದಿಲ್ಲ.

ಕೊಪ್ಪದ ಓದುಗ

ಮಸಾಕಿ ಕೊಬಾಯಾಶಿಯ ‘ಕ್ವೈದಾನ್’ (1964) ತೋರಿಸಿರಿ. ನಾಲ್ಕು ಕಥೆಗಳ ಚಿತ್ರ, ಸುಮಾರು ಮೂರು ಗಂಟೆಯದು. ಸಮಯ ಸಾಲದಿದ್ದರೆ ಹೊಯಿಚಿಯ ಕಥೆಯೊಂದೇ ಸಾಕು. 1185ರ ದನ್-ನೊ-ಉರಾ ಕಡಲಕಾಳಗದಲ್ಲಿ ಮುಳುಗಿಹೋದ ತೈರಾ ಕುಲದವರ ಪ್ರೇತಗಳು ಕುರುಡ ಗಾಯಕ ಹೊಯಿಚಿಯನ್ನು ರಾತ್ರಿ ರಾತ್ರಿ ಕರೆಸಿಕೊಂಡು ತಮ್ಮದೇ ಸೋಲಿನ ಕಥೆಯನ್ನು ಹಾಡಿಸಿ ಅಳುತ್ತವೆ. ಅವನನ್ನು ಉಳಿಸಲು ಭಿಕ್ಷುಗಳು ಮೈಯೆಲ್ಲ ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಬರೆದು ಕಿವಿಗಳನ್ನು ಮರೆಯುತ್ತಾರೆ, ಕರೆಯಲು ಬಂದ ಪ್ರೇತಕ್ಕೆ ಆ ಕಿವಿಗಳಷ್ಟೇ ಕಾಣುತ್ತವೆ. ರಕ್ತದ ದೃಶ್ಯ ಅಲ್ಲೊಂದಿದೆ, ಹಿರಿಯರಿಗೆ ಮೊದಲೇ ತಿಳಿಸಿರಿ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಿವಿ ಕಳೆದುಕೊಂಡ ಮೇಲೂ ಹೊಯಿಚಿ ಆ ಸತ್ತವರ ಸಮಾಧಾನಕ್ಕಾಗಿ ಹಾಡುವುದನ್ನು ಮುಂದುವರಿಸುತ್ತಾನೆ. ಸದಾಕೊಳ ಚಿತ್ರದಲ್ಲಿ ಏನು ಕೈಕೊಟ್ಟಿತೆಂಬುದು ಇದನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ.