ಅಪ್‌ಡೇಟ್: ಅಕೌಂಟ್ಸ್ ಕೆಲಸದ ಜೊತೆ ಟೆಕ್ನಾಲಜಿ ಕಲಿಯೋದು ಹೇಗೆ ಎಂದು ಕೇಳಿದ್ದೆ

ಫುಲ್ ಟೈಮ್ ಅಕೌಂಟೆಂಟ್ ನಾನು, ಕೆಲಸ ಬಿಡದೆ ಏನು ಕಲಿಯಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಪೈಥಾನ್ (ಒಂದು ಪ್ರೋಗ್ರಾಮಿಂಗ್ ಭಾಷೆ) ಎಂದವರೇ ಜಾಸ್ತಿ. ರಾತ್ರಿ ಊಟ ಆದಮೇಲೆ ಕೂತು ನೋಡಿದೆ, ನನಗೆ ಹತ್ತಲಿಲ್ಲ. ಆಫೀಸ್ ಕಂಪ್ಯೂಟರಿನಲ್ಲಿ ಹೊಸದೇನೂ ಹಾಕಲು ಬಿಡುವುದಿಲ್ಲ. ಬಳಸದೆ ಇದ್ದರೆ ಕಲಿತದ್ದು ತಲೆಯಲ್ಲಿ ನಿಲ್ಲುತ್ತಾ?

ಕೈ ಹಿಡಿದದ್ದು ಪವರ್ ಕ್ವೆರಿ, ಅಂದರೆ ಬೇರೆ ಬೇರೆ ಫೈಲುಗಳ ಡೇಟಾ ತಂದು ಜೋಡಿಸುವ ಎಕ್ಸೆಲ್ ಸೌಲಭ್ಯ. ಸಲಹೆ ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್! ಎಕ್ಸೆಲ್ 2016ರಿಂದ ಅದು ಡೇಟಾ ಟ್ಯಾಬ್‌ನಲ್ಲೇ ಇದೆ. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ (ಸಪ್ಲೈಯರ್‌ಗಳು ಜಿಎಸ್‌ಟಿಯಲ್ಲಿ ತೋರಿಸಿದ ನಮ್ಮ ಖರೀದಿ ಬಿಲ್‌ಗಳ ಪಟ್ಟಿ) ಬರುತ್ತದೆ, 20ರೊಳಗೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಹಾಕಬೇಕು. ನಡುವೆ 2ಬಿಯನ್ನು ನಮ್ಮ ಅಕೌಂಟ್ಸ್ ಸಾಫ್ಟ್‌ವೇರ್ ಟ್ಯಾಲಿಯ ಪರ್ಚೇಸ್ ರಿಜಿಸ್ಟರ್ (ಖರೀದಿ ಪಟ್ಟಿ) ಜೊತೆ ತಾಳೆ ನೋಡುವುದೇ ದೊಡ್ಡ ತಲೆನೋವು. ಈಗ ಎರಡೂ ಫೈಲನ್ನು ಫೋಲ್ಡರಿಗೆ ಹಾಕಿ ರಿಫ್ರೆಶ್ ಒತ್ತುತ್ತೇನೆ, ಅಷ್ಟೇ. ಲೆಫ್ಟ್ ಆಂಟಿ ಜಾಯಿನ್ ಎಂಬ ಆಯ್ಕೆ ಇದೆ. ನಮ್ಮ ಪುಸ್ತಕದಲ್ಲಿದ್ದು 2ಬಿಯಲ್ಲಿ ಇಲ್ಲದ ಬಿಲ್‌ಗಳನ್ನು ಮಾತ್ರ ಅದು ಎತ್ತಿ ಕೊಡುತ್ತದೆ.

ನನಗೆ ಮೊದಲು ಗೊತ್ತಿರದ ಒಂದು ವಿಷಯ: ಪವರ್ ಕ್ವೆರಿಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಎಕ್ಸೆಲ್‌ನ ಹುಡುಕುವ ಫಾರ್ಮುಲಾ ವಿಲುಕಪ್‌ನಲ್ಲಿ ಈ ರಗಳೆ ಇರಲಿಲ್ಲ. ಹಾಗಾಗಿ ಬಿಲ್ ನಂಬರ್ ಕಾಲಂಗೆ ಮೊದಲು ಅಪ್ಪರ್‌ಕೇಸ್ (ಎಲ್ಲ ದೊಡ್ಡಕ್ಷರ), ಟ್ರಿಮ್ (ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವುದು) ಎರಡೂ ಮಾಡಿಕೊಳ್ಳಿ. ಬರೀ ಬಿಲ್ ನಂಬರಿನಿಂದ ಹೊಂದಿಸಬೇಡಿ, ಜಿಎಸ್‌ಟಿಐಎನ್ (ಸಪ್ಲೈಯರ್‌ನ ಜಿಎಸ್‌ಟಿ ನೋಂದಣಿ ಸಂಖ್ಯೆ) ಕೂಡ ಸೇರಿಸಿ. ಒಂದೇ ನಂಬರಿನ ಬಿಲ್ ಎಷ್ಟು ಸಪ್ಲೈಯರ್‌ಗಳ ಹತ್ತಿರ ಇರುತ್ತೆ ಅಲ್ವಾ!

ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕಲಿಯಿರಿ ಎಂದವರಿಗೆ: ಅದನ್ನು ಇನ್ನೂ ಮುಟ್ಟಿಲ್ಲ. ಸಂಬಳ ಹಾಗೇ ಇದೆ. ಇನ್ನೊಂದು ಬ್ರಾಂಚಿನ 2ಬಿ ಮಾತ್ರ ನನ್ನ ಟೇಬಲ್ಲಿಗೆ ಬಂದಿದೆ.